ದೇಹಕ್ಕೆ ಬೇಕಾದ ತಾಮ್ರ: ಊಟದಿಂದ ಎಷ್ಟು, ತಂಬಿಗೆಯಿಂದ ಎಷ್ಟು?

ತಾಮ್ರದ ಮಾತು ಬಂದರೆ ನಮ್ಮ ಕಡೆ ಮೊದಲು ನೆನಪಾಗುವುದು ತಂಬಿಗೆ. ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿದುಬಿಟ್ಟರೆ ಆ ದಿನದ ತಾಮ್ರ ಸಿಕ್ಕಿತು ಅನ್ನೋ ನಂಬಿಕೆ ದಾವಣಗೆರೆಯ ಬಡಾವಣೆಗಳಲ್ಲೂ ಇದೆ, ಮೊಳಕಾಲ್ಮುರು ಕಡೆಯ ಹಳ್ಳಿಗಳಲ್ಲೂ ಇದೆ. ಚಿತ್ರದುರ್ಗದ ಪಕ್ಕದ ಇಂಗಳದಾಳದಲ್ಲಿ ತಾಮ್ರದ ಗಣಿಯೇ ಇತ್ತು, ಹಾಗಾಗಿ ಈ ಲೋಹ ನಮಗೆ ಹೊಸದೇನಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ದೇಹಕ್ಕೆ ಬೇಕಾದ ತಾಮ್ರದ ಬಹುಪಾಲು ಬರುವುದು ಶೇಂಗಾ, ಎಳ್ಳು, ರಾಗಿ, ಕಾಳುಗಳಿಂದ. ತಂಬಿಗೆಯ ಪಾಲು ಸಣ್ಣದು. ನಿಮ್ಮ ಮನೆಯ ಊಟದಲ್ಲಿ ತಾಮ್ರ ಸಾಕಷ್ಟಿದೆಯೇ, ಪಾತ್ರೆ ಸರಿಯಾಗಿ ಬಳಸುತ್ತಿದ್ದೀರಾ, ಯಾವ ಮಾತ್ರೆ ಇದನ್ನು ಕೆಡಿಸುತ್ತದೆ, ಯಾವಾಗ ವೈದ್ಯರ ಹತ್ತಿರ ಹೋಗಬೇಕು ಎಂಬುದನ್ನು ಕ್ರಮವಾಗಿ ನೋಡೋಣ.

ಹೆಜ್ಜೆ 1: ಎಷ್ಟು ಬೇಕು, ಯಾಕೆ ಬೇಕು ತಿಳಿದುಕೊಳ್ಳಿ

ದೊಡ್ಡವರಿಗೆ ದಿನಕ್ಕೆ ಸುಮಾರು 0.9 ಮಿಲಿಗ್ರಾಂ ತಾಮ್ರ ಬೇಕು ಎಂಬುದು ಅಮೆರಿಕದ ಪೋಷಣೆ ಮಾನದಂಡ. ಗರ್ಭಿಣಿಯರಿಗೆ 1 ಮಿಲಿಗ್ರಾಂ, ಹಾಲುಣಿಸುವ ತಾಯಂದಿರಿಗೆ 1.3. ಒಂದರಿಂದ ಮೂರು ವರ್ಷದ ಮಗುವಿಗೆ 0.34, ನಾಲ್ಕರಿಂದ ಎಂಟು ವರ್ಷದವರಿಗೆ 0.44 ಸಾಕು. ದೊಡ್ಡವರು ದಿನಕ್ಕೆ 10 ಮಿಲಿಗ್ರಾಂ ಮೀರಬಾರದು. ಈ ಎರಡು ಗೆರೆಗಳನ್ನು, ಅಂದರೆ ಸುಮಾರು 1 ಮತ್ತು 10, ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಇಡೀ ದೇಹದಲ್ಲಿರುವ ತಾಮ್ರ 50ರಿಂದ 120 ಮಿಲಿಗ್ರಾಂ ಅಷ್ಟೇ. ಅಷ್ಟರಲ್ಲೇ ಅದು ಮಾಡುವ ಕೆಲಸ ದೊಡ್ಡದು. ಜೀವಕೋಶ ಉಸಿರಾಡಿ ಶಕ್ತಿ ಮಾಡಿಕೊಳ್ಳುವ ಕೊನೆಯ ಹಂತದ ಕಿಣ್ವಕ್ಕೆ ತಾಮ್ರ ಬೇಕು. ರಕ್ತನಾಳ, ಚರ್ಮ, ಎಲುಬುಗಳ ನಾರನ್ನು ಒಂದಕ್ಕೊಂದು ಬಿಗಿಯುವ ಲೈಸಿಲ್ ಆಕ್ಸಿಡೇಸ್ ಕಿಣ್ವಕ್ಕೂ ಬೇಕು. ನರಗಳ ಕೆಲಸಕ್ಕೆ, ಕೂದಲು ಮತ್ತು ಚರ್ಮದ ಬಣ್ಣಕ್ಕೆ, ರೋಗನಿರೋಧಕ ಬಿಳಿ ರಕ್ತಕಣಗಳಿಗೆ ಬೇಕು.

ಇದಕ್ಕಿಂತ ನಮಗೆ ಹತ್ತಿರದ ವಿಷಯ ರಕ್ತಹೀನತೆ. 1928ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬರೀ ಹಾಲು ಕುಡಿಸಿ ಸಾಕಿದ ಇಲಿಗಳಿಗೆ ರಕ್ತ ಕಡಿಮೆಯಾಯಿತು. ಶುದ್ಧ ಕಬ್ಬಿಣ ಕೊಟ್ಟರೂ ಸರಿಹೋಗಲಿಲ್ಲ. ಜೊತೆಗೆ ಒಂಚೂರು ತಾಮ್ರ ಸೇರಿಸಿದಾಗ ಹಿಮೋಗ್ಲೋಬಿನ್ ಏರಿತು. ಕಾರಣ ಆಮೇಲೆ ಗೊತ್ತಾಯಿತು: ಕರುಳಿನಲ್ಲಿ ಹೀರಿಕೊಂಡ ಕಬ್ಬಿಣ, ಲಿವರ್‌ನಲ್ಲಿ ಕೂಡಿಟ್ಟ ಕಬ್ಬಿಣ ರಕ್ತಕ್ಕೆ ಇಳಿದು ಮಜ್ಜೆಗೆ ಹೋಗಬೇಕಾದರೆ ತಾಮ್ರವಿರುವ ಕಿಣ್ವಗಳು ಅದನ್ನು ಸಾಗಿಸಲು ತಕ್ಕ ರೂಪಕ್ಕೆ ತರಬೇಕು. ರಕ್ತದಲ್ಲಿ ಆ ಕೆಲಸ ಮಾಡುವುದು ಸೆರುಲೋಪ್ಲಾಸ್ಮಿನ್. ತಾಮ್ರ ಇಲ್ಲದಿದ್ದರೆ ಕಬ್ಬಿಣ ಗೋದಾಮಿನಲ್ಲೇ ಉಳಿದು ಪೇಟೆಗೆ ಬಾರದ ಮಾಲಿನಂತಾಗುತ್ತದೆ.

ಹಾಲಿನಲ್ಲಿ ತಾಮ್ರ ಬಹಳ ಕಡಿಮೆ. ಎರಡು ವರ್ಷದ ಮಗು ಊಟ ಬಿಟ್ಟು ದಿನವಿಡೀ ಹಾಲಿನ ಬಾಟಲಿಗೇ ಅಂಟಿಕೊಂಡಿದ್ದರೆ ತಾಯಂದಿರು ಆ ಇಲಿಗಳನ್ನು ನೆನಪಿಸಿಕೊಳ್ಳಬೇಕು. ಅಂಥ ಮಗುವಿಗೆ ಕಬ್ಬಿಣವೂ ಸಾಲುವುದಿಲ್ಲ, ತಾಮ್ರವೂ ಸಾಲುವುದಿಲ್ಲ.

ಹೆಜ್ಜೆ 2: ಒಂದು ದಿನದ ತಟ್ಟೆಯನ್ನು ಲೆಕ್ಕ ಹಾಕಿ

ಒಂದು ಹಾಳೆ ತೆಗೆದುಕೊಂಡು ನಿನ್ನೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ತಿಂದದ್ದನ್ನೆಲ್ಲ ಬರೆಯಿರಿ. ಪಕ್ಕದಲ್ಲಿ ಈ ಅಂದಾಜು ಹಾಕಿಕೊಳ್ಳಿ. ಮಣ್ಣು, ತಳಿ ನೋಡಿ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಮನೆ ಲೆಕ್ಕಕ್ಕೆ ಇಷ್ಟು ಸಾಕು.

ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ ಶೇಂಗಾದಲ್ಲಿ 0.3 ಮಿಲಿಗ್ರಾಂಗೂ ಸ್ವಲ್ಪ ಹೆಚ್ಚು ತಾಮ್ರ ಇರುತ್ತದೆ. ಒಂದು ದೊಡ್ಡ ಚಮಚ ಎಳ್ಳಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು ಅರ್ಧ ಮಿಲಿಗ್ರಾಂ. ಒಂದು ಹಿಡಿ ಒಣ ಕಡಲೆಕಾಳು ನೆನೆಸಿ ಬೇಯಿಸಿದರೆ ಸುಮಾರು 0.2. ಗೋಡಂಬಿ ಶೇಂಗಾಕ್ಕಿಂತ ಎರಡು ಪಟ್ಟು ಕೊಡುತ್ತದೆ, ಆದರೆ ದಿನವೂ ತಿನ್ನುವಷ್ಟು ಅಗ್ಗವಲ್ಲ. ಹುರುಳಿ, ಅಲಸಂದೆ, ಅವರೆ, ಅಗಸೆ, ಗುರೆಳ್ಳು, ಒಣಕೊಬ್ಬರಿ ಇವೆಲ್ಲ ಒಳ್ಳೆಯ ಸಾಲಿನಲ್ಲೇ ಇವೆ. ಬಿಳಿ ಅನ್ನ ಬಡವಾದ ಸಾಲಿನದು. ಹಾಲು, ಮಜ್ಜಿಗೆ, ಬೆಣ್ಣೆ, ತುಪ್ಪ, ಸಕ್ಕರೆ, ಎಣ್ಣೆ ಇವುಗಳಿಂದ ಹೇಳಿಕೊಳ್ಳುವಂಥದ್ದು ಏನೂ ಬರುವುದಿಲ್ಲ.

ಮಾಂಸ ತಿನ್ನುವವರಿಗೆ ಕುರಿಯ ಲಿವರ್ ದೊಡ್ಡ ಮೂಲ. 100 ಗ್ರಾಂನಲ್ಲಿ 5 ಮಿಲಿಗ್ರಾಂ ಮೀರುತ್ತದೆ, ಹಾಗಾಗಿ ವಾರಕ್ಕೊಮ್ಮೆ ನಾಲ್ಕಾರು ತುಂಡು ಸಾಕು. ಕೋಳಿಯ ಲಿವರ್‌ನಲ್ಲಿ ಅಷ್ಟಿಲ್ಲ. ಗರ್ಭಿಣಿಯರು ಲಿವರ್ ಹೆಚ್ಚು ತಿನ್ನಬಾರದು, ಅದರಲ್ಲಿರುವ ಎ ಜೀವಸತ್ವದ ಕಾರಣಕ್ಕೆ.

ಈಗ ಚಳ್ಳಕೆರೆ ಕಡೆಯ ಒಂದು ಸಾಮಾನ್ಯ ದಿನ ತೆಗೆದುಕೊಳ್ಳಿ. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು, ರಾತ್ರಿ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಇಷ್ಟಕ್ಕೇ 1 ಮಿಲಿಗ್ರಾಂ ದಾಟಿಬಿಡುತ್ತದೆ. ಸಿರಿಧಾನ್ಯವೂ ಶೇಂಗಾವೂ ಬೆಳೆಯುವ ನಾಡಿನಲ್ಲಿ ತಾಮ್ರಕ್ಕೆಂದು ಪ್ರತ್ಯೇಕ ಮಾತ್ರೆ ನುಂಗುವ ಅಗತ್ಯ ಆರೋಗ್ಯವಂತರಿಗೆ ಇಲ್ಲವೇ ಇಲ್ಲ.

ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ, ಅದೂ ನಿಜ. ಸಾಮಾನ್ಯ ಊಟದಲ್ಲಿ ತಾಮ್ರದ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಕರುಳು ಹೀರಿಕೊಳ್ಳುತ್ತದೆ. ಕಡಿಮೆ ತಿಂದ ದಿನ ಹೆಚ್ಚು ಹೀರುತ್ತದೆ, ಹೆಚ್ಚು ತಿಂದ ದಿನ ಕಡಿಮೆ ಹೀರುತ್ತದೆ, ಉಳಿದದ್ದನ್ನು ಲಿವರ್ ಪಿತ್ತದ ಮೂಲಕ ಹೊರಹಾಕುತ್ತದೆ. 0.9ರ ಅಂಕಿಯನ್ನು ಗೊತ್ತುಮಾಡುವಾಗಲೇ ಈ ನಷ್ಟವನ್ನು ಲೆಕ್ಕಕ್ಕೆ ಹಿಡಿದಿದ್ದಾರೆ, ನೀವು ಮತ್ತೆ ಕಳೆಯಬೇಕಿಲ್ಲ.

ಹೆಜ್ಜೆ 3: ಬಡವಾದ ದಿನಗಳನ್ನು ಹುಡುಕಿ ತುಂಬಿ

ದಾವಣಗೆರೆ ಪೇಟೆಯಲ್ಲಿ ಸಮಸ್ಯೆ ಬರುವುದು ಇಲ್ಲಿ. ಬೆಳಿಗ್ಗೆ ಬೆಣ್ಣೆದೋಸೆ, ಮಧ್ಯಾಹ್ನ ಅನ್ನ ಸಾರು, ಸಂಜೆ ಮಂಡಕ್ಕಿ ಮಿರ್ಚಿ, ರಾತ್ರಿ ಮತ್ತೆ ಅನ್ನ ಮಜ್ಜಿಗೆ. ಹೊಟ್ಟೆ ತುಂಬಿರುತ್ತದೆ, ಹಾಳೆಯ ಮೇಲೆ ಲೆಕ್ಕ ಹಾಕಿದರೆ ತಾಮ್ರ ತೆಳ್ಳಗಿರುತ್ತದೆ. ಕಾಲೇಜು ಹುಡುಗರ ರೂಮುಗಳಲ್ಲಿ, ಒಬ್ಬರೇ ಇರುವ ವಯಸ್ಸಾದವರ ಮನೆಗಳಲ್ಲಿ ಇಂಥ ದಿನಗಳು ಸಾಲುಸಾಲಾಗಿ ಬರುತ್ತವೆ.

ಬೆಣ್ಣೆದೋಸೆ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಈ ಊರಿನಲ್ಲಿ ಯಾರೂ ಕೇಳಬೇಕಾಗಿಲ್ಲ. ಪಕ್ಕದ ಬಟ್ಟಲನ್ನು ಬದಲಿಸಿ. ಮಂಡಕ್ಕಿಯನ್ನೇ ನೋಡಿ: ಮಂಡಕ್ಕಿ ಭಟ್ಟಿಯಿಂದ ಬಂದ ಬರೀ ಮಂಡಕ್ಕಿ ಅಂದರೆ ಉಬ್ಬಿದ ಅಕ್ಕಿ. ಅದಕ್ಕೆ ಒಂದು ಹಿಡಿ ಹುರಿದ ಶೇಂಗಾ, ಅರ್ಧ ಹಿಡಿ ಪುಟಾಣಿ (ಹುರಿಗಡಲೆ), ಮೇಲೆ ಒಣಕೊಬ್ಬರಿ ತುರಿ ಬಿದ್ದರೆ ದಿನದ ಅರ್ಧ ತಾಮ್ರ ಆ ಬಟ್ಟಲಿನಲ್ಲೇ ಇದೆ. ಅಂಗಡಿಯಲ್ಲಿ ನಾಲ್ಕೇ ಶೇಂಗಾ ಕಾಣಿಸಿದರೆ ಮನೆಗೆ ತಂದು ಹಾಕಿಕೊಳ್ಳಿ.

ಇನ್ನೂ ಸುಲಭದ ದಾರಿ ಚಟ್ನಿಪುಡಿ. ಎರಡು ಬಟ್ಟಲು ಶೇಂಗಾವನ್ನು ಸಣ್ಣ ಉರಿಯಲ್ಲಿ, ಸಿಪ್ಪೆ ಸಿಡಿಯುವವರೆಗೆ ಹುರಿಯಿರಿ. ಸಿಪ್ಪೆ ಪೂರ್ತಿ ತೆಗೆಯಬೇಕಿಲ್ಲ. ಅದೇ ಬಾಣಲೆಯಲ್ಲಿ ಅರ್ಧ ಬಟ್ಟಲು ಎಳ್ಳು ಹಾಕಿ, ಚಟಪಟ ಅನ್ನುತ್ತಿದ್ದಂತೆ ಇಳಿಸಿ, ತಡ ಮಾಡಿದರೆ ಕಹಿ ಆಗುತ್ತದೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವು, ಉಪ್ಪು, ಒಂದು ಚೂರು ಹುಣಸೆ ಸೇರಿಸಿ ತರಿತರಿಯಾಗಿ ಪುಡಿ ಮಾಡಿ. ನುಣ್ಣಗೆ ಮಾಡಲು ಹೋದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಗಾಜಿನ ಡಬ್ಬಿಯಲ್ಲಿ ತುಂಬಿಡಿ. ಊಟಕ್ಕೆ ಎರಡು ದೊಡ್ಡ ಚಮಚ ಹಾಕಿಕೊಂಡರೆ 0.3 ಮಿಲಿಗ್ರಾಂ ಹತ್ತಿರ ಬರುತ್ತದೆ. ಶೇಂಗಾದ ಬದಲು ಗುರೆಳ್ಳು ಅಥವಾ ಅಗಸೆಯಲ್ಲೂ ಮಾಡಬಹುದು.

ಬೂಸ್ಟು ಹಿಡಿದ ಶೇಂಗಾವನ್ನು ಮಾತ್ರ ಆರಿಸಿ ಎಸೆಯಿರಿ. ಹುರಿದರೆ ಸರಿಹೋಗುತ್ತದೆ ಅನ್ನುವುದು ತಪ್ಪು. ಆ ಬೂಸ್ಟಿನ ಅಫ್ಲಾಟಾಕ್ಸಿನ್ ವಿಷ ಲಿವರ್‌ಗೆ ಕೆಟ್ಟದ್ದು, ಮನೆಯ ಬಾಣಲೆಯ ಶಾಖಕ್ಕೆ ಅದು ಪೂರ್ತಿ ನಾಶವಾಗುವುದಿಲ್ಲ.

ಹೆಜ್ಜೆ 4: ಮಾತ್ರೆಯ ಚೀಟಿ ಓದಿ, ಮುಖ್ಯವಾಗಿ ಜಿಂಕ್

ಆರೋಗ್ಯವಂತರಲ್ಲಿ ತಾಮ್ರ ಕಡಿಮೆಯಾಗಲು ಊಟಕ್ಕಿಂತ ಹೆಚ್ಚು ಕಾರಣವಾಗುವುದು ತಿಂಗಳುಗಟ್ಟಲೆ ನುಂಗುವ ಜಿಂಕ್ ಮಾತ್ರೆ. ಕೋವಿಡ್ ಕಾಲದಲ್ಲಿ 50 ಮಿಲಿಗ್ರಾಂ ಜಿಂಕ್ ಮಾತ್ರೆ ಮನೆಮನೆಗೆ ಬಂತು, ಕೆಲವರು ಅದನ್ನು ನಿಲ್ಲಿಸಲೇ ಇಲ್ಲ. ಹೆಚ್ಚು ಜಿಂಕ್ ಬಂದಾಗ ಕರುಳಿನ ಕೋಶಗಳು ಮೆಟಲೊಥಯೋನಿನ್ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತವೆ. ಅದು ತಾಮ್ರವನ್ನು ಜಿಂಕ್‌ಗಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕೆಲವು ದಿನಗಳಲ್ಲಿ ಆ ಕೋಶಗಳು ಉದುರಿ ಮಲದಲ್ಲಿ ಹೋಗುವಾಗ ಹಿಡಿದ ತಾಮ್ರವನ್ನೂ ಹೊತ್ತೊಯ್ಯುತ್ತವೆ. ಊಟದಲ್ಲಿ ತಾಮ್ರ ಇದ್ದೂ ಇಲ್ಲದಂತೆ.

ಹಾಗಾಗಿ ಮನೆಯ ಮಾತ್ರೆ ಡಬ್ಬಿಯನ್ನು ಹೊರತೆಗೆದು ಪ್ರತಿ ಪಟ್ಟಿಯ ಹಿಂಬದಿ ಓದಿ. ಕೂದಲಿಗೆಂದು ಒಂದು, ಶಕ್ತಿಗೆಂದು ಒಂದು, ನೆಗಡಿಗೆಂದು ಒಂದು, ಮೂರರಲ್ಲೂ ಜಿಂಕ್ ಇರಬಹುದು. ಎಲ್ಲ ಕೂಡಿಸಿ ದಿನಕ್ಕೆ 40 ಮಿಲಿಗ್ರಾಂ ಮೀರಿದರೆ, ವೈದ್ಯರು ಇಂಥದ್ದಕ್ಕೆ ಅಂತ ಹೇಳಿ ಕೊಟ್ಟದ್ದಲ್ಲದಿದ್ದರೆ, ನಿಲ್ಲಿಸುವ ಬಗ್ಗೆ ಅವರನ್ನು ಕೇಳಿ. ಹಲ್ಲುಸೆಟ್ಟು ಅಂಟಿಸುವ ಕೆಲವು ಕ್ರೀಮುಗಳಲ್ಲೂ ಜಿಂಕ್ ಇರುತ್ತದೆ. ದಿನವೂ ಅತಿಯಾಗಿ ಬಳಸಿದ ವಯಸ್ಸಾದವರಿಗೆ ತಾಮ್ರದ ಕೊರತೆಯಾಗಿ ಕಾಲಿನ ಬಲ ಹೋದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಒಂದು ಮಾತು ಒತ್ತಿ ಹೇಳಬೇಕು. ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಜೊತೆ 10ರಿಂದ 14 ದಿನ ಕೊಡುವ ಜಿಂಕ್ ಮಾತ್ರೆಯನ್ನು ಇದನ್ನೋದಿ ನಿಲ್ಲಿಸಬೇಡಿ. ಅದು ಸಣ್ಣ ಪ್ರಮಾಣ, ಸಣ್ಣ ಅವಧಿ, ಮಗುವಿಗೆ ನಿಜಕ್ಕೂ ಬೇಕಾದದ್ದು. ಅಂಗನವಾಡಿಯಲ್ಲಿ ಕೊಡುವ ಕಬ್ಬಿಣದ ಮಾತ್ರೆಗೂ ಇದೇ ಮಾತು.

ಹೆಜ್ಜೆ 5: ತಂಬಿಗೆಯನ್ನು ಸರಿಯಾಗಿ ಬಳಸಿ

ತಾಮ್ರದ ಪಾತ್ರೆ ರೋಗಾಣು ಕೊಲ್ಲುತ್ತದೆ ಅನ್ನುವುದು ನಿಜ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲರಾ, ಆಮಶಂಕೆ, ಟೈಫಾಯ್ಡ್ ಬಗೆಯ ರೋಗಾಣುಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಅವು ಬೆಳೆಸಿದರೂ ಬೆಳೆಯದಂತಾದವು. ನೀರಿಗೆ ಇಳಿದ ತಾಮ್ರ ಲೀಟರಿಗೆ 0.18 ಮಿಲಿಗ್ರಾಂನಷ್ಟು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 2 ಮಿಲಿಗ್ರಾಂ, ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಹೆಚ್ಚೆಂದರೆ 1.5.

ಈ ಅಂಕಿಯಿಂದ ಎರಡು ವಿಷಯ ತಿಳಿಯುತ್ತದೆ. ಸರಿಯಾಗಿ ಬಳಸಿದರೆ ತಂಬಿಗೆಯ ನೀರಿಗೆ ಹೆದರಬೇಕಿಲ್ಲ. ಹಾಗೆಯೇ ಅರ್ಧ ಲೀಟರ್ ಕುಡಿದರೆ ಸಿಗುವುದು 0.09 ಮಿಲಿಗ್ರಾಂ, ದಿನದ ಅಗತ್ಯದ ಹತ್ತನೇ ಒಂದು ಪಾಲು. ಒಂದು ಹಿಡಿ ಶೇಂಗಾ ಅದರ ಮೂರು ಪಟ್ಟಿಗಿಂತ ಹೆಚ್ಚು ಕೊಡುತ್ತದೆ.

ಬಳಸುವ ಕ್ರಮ ಹೀಗೆ. ಹುಣಸೆಹಣ್ಣು ಉಪ್ಪು ಹಾಕಿ ಒಳಗೆ ಹೊರಗೆ ತಿಕ್ಕಿ. ತಂಬಿಗೆಯ ಕುತ್ತಿಗೆಯ ಒಳಮಡಿಕೆಗೆ ಬೆರಳು ಹಾಕಿ ಸವರಿ ನೋಡಿ: ಕಿಲುಬು ಮೊದಲು ಕೂರುವುದು ಅಲ್ಲಿ, ಹಸಿರು ಪುಡಿಯಾಗಿ ಬೆರಳಿಗೆ ಹತ್ತುತ್ತದೆ. ಅದು ಪೂರ್ತಿ ಹೋಗಬೇಕು. ಹುಳಿಯ ಅಂಶ ಉಳಿಯದಂತೆ ಎರಡು ಮೂರು ಸಲ ತೊಳೆದು ಒರೆಸಿ. ಆಮೇಲೆ ತಣ್ಣನೆಯ ಶುದ್ಧ ನೀರು ತುಂಬಿ. ಬಿಸಿ ನೀರು ಬೇಡ. ಒಂದು ರಾತ್ರಿ ಇಟ್ಟದ್ದನ್ನು ಮರುದಿನ ಮುಗಿಸಿ, ಹಳೆ ನೀರಿನ ಮೇಲೆ ಹೊಸ ನೀರು ಸುರಿಯುತ್ತಾ ದಿನಗಟ್ಟಲೆ ಇಡಬೇಡಿ. ಬಾಯಿಗೆ ಒಗರು ಅಥವಾ ಲೋಹದ ರುಚಿ ಬಂದರೆ ಗಿಡಕ್ಕೆ ಸುರಿಯಿರಿ.

ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯಲ್ಲಿ ನಿಂಬೆ ಪಾನಕ, ಮಜ್ಜಿಗೆ, ಮೊಸರು, ಹುಳಿ ಸಾರು, ಉಪ್ಪಿನಕಾಯಿ ಇಡಲೇಬಾರದು. ಹುಳಿ ತಾಮ್ರವನ್ನು ಕರಗಿಸುತ್ತದೆ, ಕುಡಿದ ಸ್ವಲ್ಪ ಹೊತ್ತಿಗೆ ವಾಂತಿ, ಹೊಟ್ಟೆನುಲಿತ ಶುರುವಾಗುತ್ತದೆ. ಜಾತ್ರೆ, ಮದುವೆಗಳ ದೊಡ್ಡ ಕೊಪ್ಪರಿಗೆಗಳಲ್ಲಿ ಹುಳಿ ಬೇಯಿಸುವ ಮೊದಲು ಒಳಗಿನ ಬೆಳ್ಳಗಿನ ಕಲಾಯಿ ಎಲ್ಲೂ ಸವೆದು ಕೆಂಪು ಕಾಣುತ್ತಿಲ್ಲವೆಂದು ನೋಡುವುದು ಅಡುಗೆಯವರ ಕೆಲಸ. ಬಚ್ಚಲ ಹಂಡೆಯ ಬಿಸಿನೀರು ಸ್ನಾನಕ್ಕೆ ಮಾತ್ರ, ಬೇಗ ಆಗುತ್ತದೆಂದು ಅಡುಗೆಗೆ ತರಬೇಡಿ.

ಎಳೆಮಕ್ಕಳ ಹಾಲಿನ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಹಿಂದೆ ನಮ್ಮ ದೇಶದಲ್ಲಿ ಪುಟ್ಟ ಮಕ್ಕಳ ಲಿವರ್ ಗಟ್ಟಿಯಾಗಿ ಸಾಯುವ ಒಂದು ಕಾಯಿಲೆ ಇತ್ತು, ಅದಕ್ಕೆ ಭಾರತೀಯ ಬಾಲ್ಯದ ಸಿರೋಸಿಸ್ ಎಂದೇ ಹೆಸರು. ಆ ಮಕ್ಕಳ ಲಿವರ್‌ನಲ್ಲಿ ತಾಮ್ರ ವಿಪರೀತ ಸಿಕ್ಕಿತು. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಕಾಯಿಸಿ ಇಟ್ಟ ದನದ, ಎಮ್ಮೆಯ ಹಾಲನ್ನು ತೀರಾ ಎಳೆವಯಸ್ಸಿನಲ್ಲೇ ಕುಡಿಸಿದ್ದಕ್ಕೂ ಇದಕ್ಕೂ ಸಂಬಂಧವಿದೆ ಎಂಬುದನ್ನು 1980ರ ದಶಕದಲ್ಲಿ ಪುಣೆಯಲ್ಲಿ ನಡೆದ ಅಧ್ಯಯನಗಳು ತೋರಿಸಿದವು. ಪಾತ್ರೆಗಳು ಸ್ಟೀಲು, ಅಲ್ಯುಮಿನಿಯಂಗೆ ಬದಲಾದಂತೆ ಕಾಯಿಲೆ ಹೆಚ್ಚುಕಮ್ಮಿ ಕಾಣೆಯಾಯಿತು. ಈಗ ಹಳೆ ಹಿತ್ತಾಳೆ ಪಾತ್ರೆಗಳಿಗೆ ಮತ್ತೆ ಬೇಡಿಕೆ ಬಂದಿರುವುದರಿಂದ ಇದನ್ನು ಬಿಡಿಸಿ ಹೇಳುತ್ತಿದ್ದೇನೆ. ಆರು ತಿಂಗಳವರೆಗೆ ತಾಯಿಹಾಲು ಮಾತ್ರ. ಆಮೇಲೂ ಮಗುವಿನ ಹಾಲು ಸ್ಟೀಲಿನಲ್ಲೇ ಕಾಯಲಿ.

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಗೆ ಬೇಕಾದ ಇನ್ನೊಂದು ಎಚ್ಚರಿಕೆ ಫ್ಲೋರೈಡ್. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಹಲ್ಲಿನ ಮೇಲಿನ ಕಂದು ಕಲೆ, ಬಗ್ಗಲಾರದ ಬೆನ್ನು ನೋಡಿದವರಿಗೆ ಇದನ್ನು ಹೇಳಬೇಕಿಲ್ಲ. ತಾಮ್ರದ ಪಾತ್ರೆ ಫ್ಲೋರೈಡನ್ನು ತೆಗೆಯುವುದಿಲ್ಲ, ಉಪ್ಪಿನಂಶವನ್ನೂ ತೆಗೆಯುವುದಿಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ತಂದ ನೀರನ್ನೇ ತಂಬಿಗೆಗೆ ತುಂಬಿ.

ಹೆಜ್ಜೆ 6: ಇವುಗಳಿಂದ ತಾಮ್ರ ಬೇಡ

ಚನ್ನಗಿರಿಯ ಅಡಿಕೆ ತೋಟದವರಿಗೂ ಹೊಸದುರ್ಗ, ಹಿರಿಯೂರಿನ ದಾಳಿಂಬೆಯವರಿಗೂ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಗೊತ್ತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು, ಅದೇ ಬೆಳೆಯ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ. ನೀಲಿ ಹರಳು ಮಕ್ಕಳ ಕಣ್ಣಿಗೆ ಕಲ್ಲುಸಕ್ಕರೆಯಂತೆ ಕಾಣುತ್ತದೆ. ಹೊಟ್ಟೆಗೆ ಹೋದರೆ ವಾಂತಿ, ಆಮೇಲೆ ರಕ್ತಕಣ ಒಡೆದು ಮೂತ್ರಪಿಂಡ ಕೆಡುತ್ತದೆ. ಅಡುಗೆಮನೆಯ ಗೋಡೆಗೂ ಅದಕ್ಕೂ ಸಂಬಂಧ ಇರಬಾರದು: ಬೀಗ ಹಾಕುವ ಬೇರೆ ಕೋಣೆ, ಬೇರೆ ಡ್ರಮ್ಮು, ಬೇರೆ ಮಗ್ಗು. ಯಾರಾದರೂ ನುಂಗಿದ್ದರೆ ಮನೆಮದ್ದು ಮಾಡುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ಅಡಿಕೆಯಲ್ಲೂ ತಾಮ್ರ ಹೆಚ್ಚಿದೆ. ಅದನ್ನು ಲಾಭವೆಂದು ತಿಳಿಯಬೇಡಿ. ಅಡಿಕೆ ಸದಾ ಬಾಯಲ್ಲಿಟ್ಟು ಜಗಿಯುವವರಿಗೆ ಬಾಯಿ ತೆರೆಯಲಾರದಂತೆ ಒಳಚರ್ಮ ಬಿಗಿಯುವ ಕಾಯಿಲೆ ಬರುತ್ತದೆ. ಮೊದಲು ಹೇಳಿದ ನಾರು ಬಿಗಿಯುವ ಕಿಣ್ವ ತಾಮ್ರದ ಪ್ರಚೋದನೆಯಿಂದ ಅಲ್ಲಿ ಅತಿಯಾಗಿ ಕೆಲಸ ಮಾಡುವುದು ಅದರ ಕಾರಣಗಳಲ್ಲೊಂದು ಎಂದು ಸಂಶೋಧಕರು ಹೇಳುತ್ತಾರೆ. ಆ ಕಾಯಿಲೆ ಕ್ಯಾನ್ಸರ್‌ಗೂ ತಿರುಗಬಹುದು.

ತಾಮ್ರದ ಕಡಗ ಹಾಕಿದರೆ ಸಂಧಿನೋವು ಹೋಗುತ್ತದೆ ಅನ್ನುವುದನ್ನು ಪ್ರಯೋಗ ಮಾಡಿ ನೋಡಿದ್ದಾರೆ, ಉಪಯೋಗ ಕಂಡಿಲ್ಲ. ತಾಮ್ರದ ನೀರಿನಿಂದ ನರೆಗೂದಲು ಕಪ್ಪಾಗುತ್ತದೆ ಎಂಬುದೂ ಹಾಗೆಯೇ. ಬಣ್ಣ ತಯಾರಾಗಲು ತಾಮ್ರ ಬೇಕು, ಅದು ಸರಿ. ಆದರೆ ವಯಸ್ಸಿಗೆ ಬರುವ ನರೆ ತಾಮ್ರದ ಕೊರತೆಯಿಂದ ಬಂದದ್ದಲ್ಲ.

ಹೆಜ್ಜೆ 7: ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಕೊರತೆಯ ಕಡೆಯಿಂದ: ಕಬ್ಬಿಣದ ಮಾತ್ರೆ ಸರಿಯಾಗಿ ನುಂಗಿದರೂ ಏರದ ಹಿಮೋಗ್ಲೋಬಿನ್, ರಕ್ತಪರೀಕ್ಷೆಯಲ್ಲಿ ಬಿಳಿ ಕಣಗಳೂ ಕಡಿಮೆ, ಪಾದ ಜೋಮು ಹಿಡಿಯುವುದು, ಕತ್ತಲಲ್ಲಿ ನಡೆಯುವಾಗ ತೂರಾಡುವುದು. ಇದು ಬಿ12 ಕೊರತೆಯಂತೆಯೇ ಕಾಣುತ್ತದೆ, ಬಿ12 ಕೊರತೆ ಇದಕ್ಕಿಂತ ಬಹಳ ಸಾಮಾನ್ಯವೂ ಹೌದು. ಹಾಗಾಗಿ ಮೊದಲು ಕಬ್ಬಿಣ, ಬಿ12 ನೋಡುತ್ತಾರೆ. ಹೊಟ್ಟೆಯ ಅಥವಾ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆಗಿದ್ದರೆ, ಗೋಧಿ ಒಗ್ಗದೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇದ್ದರೆ, ಜಿಂಕ್ ಬಹುಕಾಲ ನುಂಗಿದ್ದರೆ ಅದನ್ನು ನೀವಾಗಿಯೇ ಹೇಳಿ, ಕೇಳುವವರೆಗೆ ಕಾಯಬೇಡಿ. ನರಕ್ಕೆ ಆದ ಹಾನಿ ತಡವಾದರೆ ಪೂರ್ತಿ ವಾಪಸ್ ಬರುವುದಿಲ್ಲ.

ಪರೀಕ್ಷೆ ಎಂದರೆ ರಕ್ತದ ತಾಮ್ರ ಮತ್ತು ಸೆರುಲೋಪ್ಲಾಸ್ಮಿನ್. ಗರ್ಭಿಣಿಯಾಗಿದ್ದರೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮೈಯಲ್ಲಿ ಸೋಂಕು ಇದ್ದರೆ ಎರಡೂ ಏರಿ ಕಾಣುತ್ತವೆ. ಲ್ಯಾಬಿನ ಕಾಗದ ನೋಡಿ ನೀವೇ ತೀರ್ಮಾನಿಸಬೇಡಿ.

ಹೆಚ್ಚಾದ ಕಡೆಯಿಂದ ತಿಳಿದಿರಬೇಕಾದದ್ದು ವಿಲ್ಸನ್ ಕಾಯಿಲೆ. 1912ರಲ್ಲಿ ಇದನ್ನು ವಿವರಿಸಿದ ವೈದ್ಯರ ಹೆಸರೇ ಅದಕ್ಕೆ ಬಂದಿದೆ. ಲಿವರ್ ತಾಮ್ರವನ್ನು ಪಿತ್ತಕ್ಕೆ ಬಿಡಲಾರದೆ ಅದು ಲಿವರ್‌ನಲ್ಲಿ, ಆಮೇಲೆ ಮೆದುಳಿನಲ್ಲಿ ಸೇರಿಕೊಳ್ಳುತ್ತದೆ. ಕುಡಿತವಿಲ್ಲದ ಹುಡುಗ ಹುಡುಗಿಗೆ ಮತ್ತೆ ಮತ್ತೆ ಕಾಮಾಲೆ, ಚೆನ್ನಾಗಿ ಬರೆಯುತ್ತಿದ್ದ ಮಗುವಿನ ಅಕ್ಷರ ಕೆಡುವುದು, ಮಾತು ತೊದಲುವುದು, ಕೈ ನಡುಗುವುದು, ಇದ್ದಕ್ಕಿದ್ದಂತೆ ಸ್ವಭಾವ ಬದಲಾಗುವುದು, ಕಣ್ಣಿನ ಕಪ್ಪುಗುಡ್ಡೆಯ ಅಂಚಿಗೆ ಕಂದು ಹಸಿರು ಉಂಗುರ. ಇದನ್ನು ಗಾಳಿ ಸೋಕಿದ್ದು ಎಂದು ಗುಡಿ ಗುಡಿ ಸುತ್ತಿಸಿ ವರ್ಷ ಕಳೆದರೆ ಮಗುವನ್ನೇ ಕಳೆದುಕೊಳ್ಳುತ್ತೀರಿ. ಮಾತ್ರೆಗಳಿವೆ, ಜೀವನಪೂರ್ತಿ ತೆಗೆದುಕೊಳ್ಳಬೇಕು, ಬೇಗ ಶುರುವಾದರೆ ಓದು ಕೆಲಸ ಮದುವೆ ಎಲ್ಲ ಸಾಧ್ಯ. ಬೆಂಗಳೂರಿನ ನಿಮ್ಹಾನ್ಸ್ ದಶಕಗಳಿಂದ ಈ ರೋಗಿಗಳನ್ನು ನೋಡುತ್ತಿದೆ. ಈ ಕಾಯಿಲೆ ಇರುವವರಿಗೆ ತಾಮ್ರದ ತಂಬಿಗೆ ಬೇಡ, ಲಿವರ್ ಬೇಡ, ಶೇಂಗಾ ಎಳ್ಳಿನ ವಿಷಯದಲ್ಲೂ ವೈದ್ಯರು ಹೇಳಿದಂತೆಯೇ.

ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನು ಬಂದಾಗ ಮಾತ್ರ ಈ ಕಾಯಿಲೆ ಕಾಣಿಸಿಕೊಳ್ಳುವುದರಿಂದ, ಸೋದರಮಾವ, ಅತ್ತೆಮಗ ಎಂದು ಒಳಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಸಾಧ್ಯತೆ ಹೆಚ್ಚು. ಒಂದು ಮಗುವಿಗೆ ಪತ್ತೆಯಾದರೆ ಉಳಿದ ಪ್ರತಿ ಮಗುವಿಗೂ 4ರಲ್ಲಿ 1ರಷ್ಟು ಸಾಧ್ಯತೆ ಇದೆ. ಲಕ್ಷಣ ಏನೂ ಇಲ್ಲದಿದ್ದರೂ ಅಣ್ಣ ತಮ್ಮ ಅಕ್ಕ ತಂಗಿಯರೆಲ್ಲರ ಪರೀಕ್ಷೆಯನ್ನು ಅದೇ ತಿಂಗಳಲ್ಲಿ ಮಾಡಿಸಿಬಿಡಿ.